ಬಣ್ಣದ ನೀರು, ತೂತಿನ ಪುಡಿ, ಒಂದಿಷ್ಟು ಬೆಳಕು: ಪದೇ ಪದೇ ಕೇಳುವ ಪ್ರಶ್ನೆಗಳು

ಬಟ್ಟೆಗೆ ಹಾಕುವ ಬಣ್ಣ ನೀರಿಗೆ ಸೇರಿದರೆ ಅದನ್ನು ತೆಗೆಯುವುದು ಸುಲಭವಲ್ಲ. ಸಣ್ಣ ಸಣ್ಣ ತೂತುಗಳಿರುವ ಪುಡಿಗಳನ್ನು ನೀರಿಗೆ ಹಾಕಿ, ಬೆಳಕು ಬಿಟ್ಟು, ಆ ಬಣ್ಣವನ್ನು ಒಡೆಯುವ ಕೆಲಸ ಈಗ ಎಷ್ಟೋ ಪ್ರಯೋಗಾಲಯಗಳಲ್ಲಿ ನಡೆಯುತ್ತಿದೆ. ಹೊಸದಾಗಿ ಇದಕ್ಕೆ ಕೈಹಾಕಿದವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ನಾನೂ ಒಂದು ಕಾಲಕ್ಕೆ ಇವನ್ನೇ ಕೇಳಿದ್ದೆ, ಒಂದೆರಡನ್ನು ಕೇಳದೆ ಪೆಟ್ಟು ತಿಂದಿದ್ದೂ ಉಂಟು.

ಬೆಳಕು ಬಿದ್ದರೆ ಬಣ್ಣ ಹೋಗುವುದು ಹೇಗೆ?

ಈ ಪುಡಿಗಳು ಸೆಮಿಕಂಡಕ್ಟರ್ ಜಾತಿಯವು. ಸಾಕಷ್ಟು ಶಕ್ತಿಯ ಬೆಳಕು ಬಿದ್ದಾಗ ಒಳಗಿನ ಒಂದು ಎಲೆಕ್ಟ್ರಾನ್ ತನ್ನ ಜಾಗ ಬಿಟ್ಟು ಮೇಲಕ್ಕೆ ಹಾರುತ್ತದೆ. ಅದು ಬಿಟ್ಟುಹೋದ ಖಾಲಿ ಜಾಗಕ್ಕೆ ಹೋಲ್ ಅನ್ನುತ್ತಾರೆ. ಎಲೆಕ್ಟ್ರಾನ್ ನೀರಿನಲ್ಲಿ ಕರಗಿರುವ ಆಮ್ಲಜನಕಕ್ಕೆ ಹೋಗಿ ಸೇರಿದರೆ ಸೂಪರಾಕ್ಸೈಡ್ ಆಗುತ್ತದೆ. ಹೋಲ್ ನೀರಿನಿಂದಲೋ ಹೈಡ್ರಾಕ್ಸೈಡ್‌ನಿಂದಲೋ ಎಲೆಕ್ಟ್ರಾನ್ ಕಿತ್ತುಕೊಂಡರೆ ಹೈಡ್ರಾಕ್ಸಿಲ್ ರಾಡಿಕಲ್ (ಜೋಡಿಯಿಲ್ಲದ ಒಂಟಿ ಎಲೆಕ್ಟ್ರಾನ್ ಇರುವ ತುಣುಕು) ಹುಟ್ಟುತ್ತದೆ. ಈ ಹೈಡ್ರಾಕ್ಸಿಲ್ ರಾಡಿಕಲ್ ಭಾರಿ ಮುಂಗೋಪಿ. ಓಝೋನ್‌ಗಿಂತಲೂ ಜೋರಾದ ಆಕ್ಸಿಡೈಸರ್, ಎದುರಿಗೆ ಸಿಕ್ಕ ಬಣ್ಣದ ಅಣುವನ್ನು ಕಚ್ಚಿ ತುಂಡು ಮಾಡುತ್ತದೆ.

ಇಷ್ಟೇ ಆಗಿದ್ದರೆ ಚೆನ್ನಾಗಿತ್ತು. ತೊಂದರೆ ಏನೆಂದರೆ, ಹುಟ್ಟಿದ ಎಲೆಕ್ಟ್ರಾನ್ ಮತ್ತು ಹೋಲ್‌ಗಳಲ್ಲಿ ಬಹುಪಾಲು ಯಾವ ಕೆಲಸವನ್ನೂ ಮಾಡದೆ ಕಣ್ಣು ಮಿಟುಕಿಸುವಷ್ಟರಲ್ಲಿ, ಅಲ್ಲ, ಅದಕ್ಕಿಂತ ಕೋಟಿ ಪಾಲು ಬೇಗ, ಮತ್ತೆ ಒಂದಾಗಿಬಿಡುತ್ತವೆ. ಈ ಕ್ಷೇತ್ರದ ಅರ್ಧ ಸಂಶೋಧನೆ ಅವೆರಡನ್ನು ಸ್ವಲ್ಪ ಹೊತ್ತು ದೂರ ಇಡುವುದು ಹೇಗೆ ಅನ್ನುವುದರ ಮೇಲೆಯೇ ನಡೆದಿದೆ ಅಂದರೂ ತಪ್ಪಿಲ್ಲ.

ಇದು ಹೊಸ ವಿಷಯವಾ?

ಅಲ್ಲ. ಜಪಾನಿನ ಅಕಿರಾ ಫುಜಿಶಿಮಾ ಮತ್ತು ಕೆನಿಚಿ ಹೋಂಡಾ 1972ರಲ್ಲಿ ಟೈಟಾನಿಯಂ ಡೈಆಕ್ಸೈಡ್ ಮೇಲೆ ಬೆಳಕು ಬಿಟ್ಟು ನೀರನ್ನು ಒಡೆದು ತೋರಿಸಿದರು. ಕೆಲವೇ ವರ್ಷಗಳಲ್ಲಿ, 1977ರಲ್ಲಿ, ಫ್ರಾಂಕ್ ಮತ್ತು ಬಾರ್ಡ್ ಅದೇ ವಸ್ತುವಿನ ಪುಡಿಯಿಂದ ನೀರಿನಲ್ಲಿರುವ ಸಯನೈಡ್ ಒಡೆಯಬಹುದು ಅಂತ ತೋರಿಸಿದರು. ಹೊಸತಾಗಿರುವುದು ತೂತುಗಳ ಕಡೆಯ ಕಥೆ.

ತೂತು ಯಾಕೆ ಬೇಕು? ಸಾದಾ ಪುಡಿ ಸಾಲದಾ?

ಹೈಡ್ರಾಕ್ಸಿಲ್ ರಾಡಿಕಲ್ ಜೋರು ಅಂದೆನಲ್ಲ, ಆದರೆ ಅದರ ಆಯಸ್ಸು ತೀರಾ ಕಡಿಮೆ. ಹುಟ್ಟಿದ ಜಾಗದಿಂದ ಕೆಲವು ನ್ಯಾನೋಮೀಟರ್ ದೂರ ಹೋಗುವಷ್ಟರಲ್ಲಿ ಮುಗಿದುಹೋಗುತ್ತದೆ. ಅಂದರೆ ಬಣ್ಣದ ಅಣು ದೂರದಲ್ಲಿ ತೇಲಿಕೊಂಡಿದ್ದರೆ ಏನೂ ಪ್ರಯೋಜನವಿಲ್ಲ, ಪುಡಿಯ ಹತ್ತಿರಕ್ಕೇ ಬರಬೇಕು. ತೂತುಗಳಿದ್ದರೆ ಬಣ್ಣ ಬಂದು ಒಳಗೆ ಕೂರುತ್ತದೆ, ರಾಡಿಕಲ್ ಅದರ ಪಕ್ಕದಲ್ಲೇ ಹುಟ್ಟುತ್ತದೆ. ಬಾಡಿಗೆಗೆ ಬಂದವನ ಕೋಣೆಯಲ್ಲೇ ಕಳ್ಳನೂ ಇದ್ದ ಹಾಗೆ.

ಅಳತೆಯಲ್ಲಿ ಹೇಳುವುದಾದರೆ, ಎಲ್ಲರೂ ಹೋಲಿಕೆಗೆ ಬಳಸುವ ಪಿ25 ಅನ್ನುವ ಟೈಟಾನಿಯಂ ಡೈಆಕ್ಸೈಡ್ ಪುಡಿಗೆ ಒಂದು ಗ್ರಾಂಗೆ ಸುಮಾರು 50 ಚದರ ಮೀಟರ್ ಮೇಲ್ಮೈ ಇದೆ. ಮಾಫ್ ಅಂತ ಕರೆಯುವ ಲೋಹ-ಸಾವಯವ ಚೌಕಟ್ಟುಗಳಲ್ಲಿ ಇದು ಸಾವಿರ ದಾಟುವುದು ಸಾಮಾನ್ಯ, ದಾಖಲೆಯಾದವು 7000ಕ್ಕೂ ಮೇಲಿವೆ. ಒಂದು ಗ್ರಾಂ ಪುಡಿಯನ್ನು ಬಿಡಿಸಿ ಹಾಸಿದರೆ ಒಂದು ಫುಟ್‌ಬಾಲ್ ಮೈದಾನ!

ಆದರೆ ಈ ದೊಡ್ಡ ಅಂಕಿ ನೋಡಿ ಮೈಮರೆಯಬೇಡಿ. ಆ ಮೇಲ್ಮೈಯನ್ನು ಅಳೆಯುವುದು ನೈಟ್ರೋಜನ್ ಅನಿಲದಿಂದ, ಅದು ಪುಟ್ಟ ಅಣು. ನಿಮ್ಮ ಬಣ್ಣ ಪುಟ್ಟದಲ್ಲ. ಜಿಫ್-8 ಅನ್ನುವ ಜನಪ್ರಿಯ ಮಾಫ್‌ನ ಬಾಗಿಲು 0.34 ನ್ಯಾನೋಮೀಟರ್ ಅಗಲ. ಮಿಥಿಲೀನ್ ಬ್ಲೂ ಅನ್ನುವ ನೀಲಿ ಬಣ್ಣದ ಅಣುವಿನ ಉದ್ದ 1.4 ನ್ಯಾನೋಮೀಟರ್ ಆಸುಪಾಸು, ಅಗಲವೇ 0.6. ಒಳಗೆ ಹೋಗುವುದು ಹೇಗೆ? ಬಾಗಿಲಲ್ಲೇ ನಿಲ್ಲುತ್ತದೆ, ಹೊರಗಿನ ಗೋಡೆಗೆ ಅಂಟಿಕೊಳ್ಳುತ್ತದೆ ಅಷ್ಟೇ. ಮಿಲ್-101 ತರಹದವುಗಳಲ್ಲಿ ಒಳಕೋಣೆಗಳು 2.9 ಮತ್ತು 3.4 ನ್ಯಾನೋಮೀಟರ್ ಇವೆ, ಬಾಗಿಲೂ ದೊಡ್ಡದು, ಅಲ್ಲಿ ಬಣ್ಣಕ್ಕೆ ನಿಜವಾಗಿ ಜಾಗ ಇದೆ. ಒಟ್ಟು ಮೇಲ್ಮೈ ನೋಡುವ ಮೊದಲು ಬಾಗಿಲಿನ ಅಗಲ ನೋಡಿ.

ಯಾವ ಯಾವ ವಸ್ತುಗಳನ್ನು ಬಳಸುತ್ತಾರೆ?

ಮೂರು ಬಳಗಗಳು ಜಾಸ್ತಿ ಕಾಣಿಸುತ್ತವೆ. ಒಂದು, ತೂತು ತೂತಾಗಿ ಬೆಳೆಸಿದ ಹಳೇ ಟೈಟಾನಿಯಂ ಡೈಆಕ್ಸೈಡ್, ಝಿಂಕ್ ಆಕ್ಸೈಡ್‌ನಂಥವು. ಎರಡು, ಮಾಫ್‌ಗಳು: ಲೋಹದ ಗಂಟುಗಳನ್ನು ಸಾವಯವ ಕಡ್ಡಿಗಳಿಂದ ಜೋಡಿಸಿ ಕಟ್ಟಿದ ಜಾಲ. ಇವಕ್ಕೇ 2025ರ ರಸಾಯನಶಾಸ್ತ್ರದ ನೊಬೆಲ್ ಬಂದಿದ್ದು, ಸುಸುಮು ಕಿಟಗಾವಾ, ರಿಚರ್ಡ್ ರಾಬ್ಸನ್, ಓಮರ್ ಯಾಘಿ ಈ ಮೂವರಿಗೆ. ಮೂರು, ಲೋಹವೇ ಇಲ್ಲದವು: ಗ್ರಾಫಿಟಿಕ್ ಕಾರ್ಬನ್ ನೈಟ್ರೈಡ್ ಮತ್ತು ಕಾಫ್ ಅನ್ನುವ ಸಾವಯವ ಚೌಕಟ್ಟುಗಳು.

ಹೊಸಬರಿಗೆ ನಾನು ಹೇಳುವುದು ಕಾರ್ಬನ್ ನೈಟ್ರೈಡ್‌ನಿಂದ ಶುರು ಮಾಡಿ ಅಂತ. ಯೂರಿಯಾವನ್ನು ಮುಚ್ಚಳವಿರುವ ಕ್ರುಸಿಬಲ್‌ನಲ್ಲಿ ಹಾಕಿ ಕುಲುಮೆಯಲ್ಲಿ ಸುಮಾರು 550 ಡಿಗ್ರಿಗೆ ಕಾಯಿಸಿದರೆ ತಿಳಿ ಹಳದಿ ಪುಡಿ ಸಿಗುತ್ತದೆ. ಕ್ರುಸಿಬಲ್ ತುಂಬ ಹಾಕಿದ್ದು ತಳದಲ್ಲಿ ಒಂದು ಚಿಟಿಕೆ ಆಗಿ ಉಳಿಯುತ್ತದೆ, ಗಾಬರಿಯಾಗಬೇಡಿ, ಮಿಕ್ಕಿದ್ದೆಲ್ಲ ಅನಿಲವಾಗಿ ಹೋಗಿರುತ್ತದೆ. ಅಮೋನಿಯಾ ಬರುವುದರಿಂದ ಗಾಳಿ ಹೊರಗೆಳೆಯುವ ವ್ಯವಸ್ಥೆ ಇಲ್ಲದ ಕಡೆ ಇದನ್ನು ಮಾಡಲೇಬೇಡಿ.

ಬಿಸಿಲು ಸಾಕಾ, ಯುವಿ ದೀಪವೇ ಬೇಕಾ?

ಪುಡಿ ಯಾವುದು ಅನ್ನುವುದರ ಮೇಲೆ ಹೋಗುತ್ತದೆ. ಎಲೆಕ್ಟ್ರಾನ್ ಮೇಲಕ್ಕೆ ಹಾರಲು ಬೇಕಾದ ಕನಿಷ್ಠ ಶಕ್ತಿಗೆ ಬ್ಯಾಂಡ್ ಗ್ಯಾಪ್ ಅನ್ನುತ್ತಾರೆ, ಅದನ್ನು ಎಲೆಕ್ಟ್ರಾನ್ ವೋಲ್ಟ್ ಲೆಕ್ಕದಲ್ಲಿ ಹೇಳುತ್ತಾರೆ. 1240 ಅನ್ನು ಬ್ಯಾಂಡ್ ಗ್ಯಾಪ್‌ನಿಂದ ಭಾಗಿಸಿದರೆ ಎಷ್ಟು ನ್ಯಾನೋಮೀಟರ್‌ವರೆಗಿನ ಬೆಳಕು ಕೆಲಸಕ್ಕೆ ಬರುತ್ತದೆ ಅಂತ ಸಿಗುತ್ತದೆ. ಅನಟೇಸ್ ರೂಪದ ಟೈಟಾನಿಯಂ ಡೈಆಕ್ಸೈಡ್‌ದು 3.2 ಎಲೆಕ್ಟ್ರಾನ್ ವೋಲ್ಟ್, ಅಂದರೆ 387 ನ್ಯಾನೋಮೀಟರ್. ಅದು ಯುವಿ, ಅಂದರೆ ಕಣ್ಣಿಗೆ ಕಾಣದ ನೇರಳಾತೀತ ಬೆಳಕು. ನೆಲಕ್ಕೆ ಬೀಳುವ ಬಿಸಿಲಿನ ಶಕ್ತಿಯಲ್ಲಿ ಯುವಿ ಪಾಲು ಶೇಕಡಾ 5ರ ಒಳಗೇ, ಉಳಿದಿದ್ದೆಲ್ಲ ಈ ಪುಡಿಗೆ ದಂಡ. ಕಾರ್ಬನ್ ನೈಟ್ರೈಡ್‌ದು 2.7, ಅಂದರೆ 459ರವರೆಗೆ, ನೀಲಿ ಬೆಳಕೂ ಸಿಕ್ಕಿತು. ಮಿಲ್-125 ಅನ್ನುವ ಟೈಟಾನಿಯಂ ಮಾಫ್ ಬಿಳಿ ಪುಡಿ, ಯುವಿ ಮಾತ್ರ ಹಿಡಿಯುತ್ತದೆ. ಅದರ ಕಡ್ಡಿಗಳಿಗೆ ಒಂದೊಂದು ಅಮೈನೋ ಗುಂಪು ಸೇರಿಸಿ ಕಟ್ಟಿದರೆ ಪುಡಿ ಹಳದಿಯಾಗುತ್ತದೆ. ಕಣ್ಣಿಗೆ ಹಳದಿ ಕಂಡಿತು ಅಂದರೆ ಅದು ನೀಲಿ ಬೆಳಕನ್ನು ನುಂಗುತ್ತಿದೆ ಅಂತಲೇ ಅರ್ಥ, ಅದಕ್ಕೆ ಯಂತ್ರ ಬೇಕಿಲ್ಲ.

ಬೆಳಕು ನುಂಗಿದ ಮಾತ್ರಕ್ಕೆ ಕೆಲಸ ಮಾಡುತ್ತದೆ ಅಂತ ಮಾತ್ರ ಅಂದುಕೊಳ್ಳಬೇಡಿ. ಗ್ಯಾಪ್ ಕಡಿಮೆಯಾದಷ್ಟೂ ಎಲೆಕ್ಟ್ರಾನ್ ಮತ್ತು ಹೋಲ್‌ನ ತಾಕತ್ತೂ ಇಳಿಯುತ್ತದೆ. ಕಾರ್ಬನ್ ನೈಟ್ರೈಡ್‌ನ ಹೋಲ್‌ಗೆ ನೀರಿನಿಂದ ನೇರವಾಗಿ ಹೈಡ್ರಾಕ್ಸಿಲ್ ರಾಡಿಕಲ್ ಮಾಡುವಷ್ಟು ಕಸುವಿಲ್ಲ, ಅಲ್ಲಿ ಸೂಪರಾಕ್ಸೈಡ್ ದಾರಿಯೇ ಮುಖ್ಯ.

ನೀರು ತಿಳಿಯಾಯಿತು. ಅಂದರೆ ಬಣ್ಣ ಹೋಯಿತು ಅಲ್ವಾ?

ಇಲ್ಲೇ ಎಲ್ಲರೂ ಎಡವುವುದು. ನೀರು ತಿಳಿಯಾಗಲು ಕನಿಷ್ಠ ನಾಲ್ಕು ಕಾರಣಗಳಿವೆ, ಅದರಲ್ಲಿ ಒಂದು ಮಾತ್ರ ನಮಗೆ ಬೇಕಾದದ್ದು.

ಮೊದಲನೆಯದು, ಬಣ್ಣ ಪುಡಿಗೆ ಅಂಟಿಕೊಂಡಿದೆ ಅಷ್ಟೇ. ಲೆಕ್ಕ ಹಾಕಿ ನೋಡಿ. ಸಾಮಾನ್ಯವಾಗಿ ಒಂದು ಲೀಟರಿಗೆ 10 ಮಿಲಿಗ್ರಾಂ ಬಣ್ಣದ ನೀರು 100 ಮಿಲಿಲೀಟರ್ ತೆಗೆದುಕೊಳ್ಳುತ್ತೇವೆ. ಅದರಲ್ಲಿರುವ ಬಣ್ಣ ಬರೀ 1 ಮಿಲಿಗ್ರಾಂ. ಅದಕ್ಕೆ 50 ಮಿಲಿಗ್ರಾಂ ಮಾಫ್ ಹಾಕುತ್ತೇವೆ. ಆ ಮಾಫ್ ಗ್ರಾಂಗೆ 100 ಮಿಲಿಗ್ರಾಂ ಬಣ್ಣ ಹಿಡಿಯುವಂಥದ್ದಾದರೆ, ಅದು ಅಂಥ ದೊಡ್ಡ ಸಂಗತಿಯೇನಲ್ಲ, ಈ 50 ಮಿಲಿಗ್ರಾಂ ಪುಡಿ 5 ಮಿಲಿಗ್ರಾಂ ಬಣ್ಣ ಹಿಡಿಯಬಲ್ಲದು. ಬೀಕರ್‌ನಲ್ಲಿರುವುದರ ಐದು ಪಟ್ಟು! ಬೆಳಕೇ ಬೇಕಿಲ್ಲ, ಕತ್ತಲಲ್ಲೂ ನೀರು ಕನ್ನಡಿಯ ಹಾಗೆ ಆಗುತ್ತದೆ. ಬಣ್ಣ ಎಲ್ಲಿಗೂ ಹೋಗಿಲ್ಲ, ಜಾಗ ಬದಲಾಯಿಸಿದೆ. ಸೆಂಟ್ರಿಫ್ಯೂಜ್ ಮಾಡಿ ಟ್ಯೂಬಿನ ತಳ ನೋಡಿ: ಮೇಲೆ ತಿಳಿ ನೀರು, ಕೆಳಗೆ ಗಾಢ ನೀಲಿ ಗಸಿ. ನಾನು ಮೊದಲ ವಾರ ಖುಷಿಯಿಂದ ತೋರಿಸಿದ ಫಲಿತಾಂಶ ಇದೇ ಆಗಿತ್ತು. ಟ್ಯೂಬ್ ಎತ್ತಿ ತಳ ತೋರಿಸಿದ ಸೀನಿಯರ್ ಒಂದು ಮಾತೂ ಆಡಲಿಲ್ಲ, ಅದೇ ಹೆಚ್ಚು ನೋವಾಗಿದ್ದು.

ಎರಡನೆಯದು, ಬಣ್ಣ ಒಡೆದಿಲ್ಲ, ಬಣ್ಣವಿಲ್ಲದ ರೂಪಕ್ಕೆ ತಿರುಗಿದೆ. ಮಿಥಿಲೀನ್ ಬ್ಲೂ ಎಲೆಕ್ಟ್ರಾನ್ ಪಡೆದರೆ ಲ್ಯೂಕೋ ರೂಪಕ್ಕೆ ಹೋಗುತ್ತದೆ, ಅದಕ್ಕೆ ಬಣ್ಣವಿಲ್ಲ. ಆಮ್ಲಜನಕ ಕಡಿಮೆ ಇರುವ ಬೀಕರ್‌ನಲ್ಲಿ ಹೀಗಾಗುವ ಸಾಧ್ಯತೆ ಹೆಚ್ಚು. ಪತ್ತೆ ಹಚ್ಚುವುದು ಸುಲಭ: ಬೆಳಕು ಆರಿಸಿ, ಬಾಟಲಿ ಮುಚ್ಚಿ ಗಾಳಿಯ ಜೊತೆ ಚೆನ್ನಾಗಿ ಕುಲುಕಿ. ನೀಲಿ ವಾಪಸ್ ಬಂದರೆ ಗೊತ್ತಾಯಿತಲ್ಲ.

ಮೂರನೆಯದು, ಅರ್ಧಂಬರ್ಧ ಒಡೆದಿದೆ. ಬಣ್ಣ ಕಾಣಿಸಲು ಕಾರಣವಾದ ಭಾಗ ಮುರಿದರೆ ಸಾಕು, ಕಣ್ಣಿಗೆ ನೀರು ತಿಳಿ. ತುಂಡುಗಳು ನೀರಲ್ಲೇ ಇರುತ್ತವೆ. ರೋಡಮೈನ್ ಬಿ ಅನ್ನುವ ಗುಲಾಬಿ ಬಣ್ಣ ಇದನ್ನು ಚೆನ್ನಾಗಿ ತೋರಿಸುತ್ತದೆ. ಅದರ ಮೈಮೇಲೆ ನಾಲ್ಕು ಈಥೈಲ್ ಗುಂಪುಗಳಿವೆ. ಒಂದೊಂದೇ ಕಳಚಿದ ಹಾಗೆ 554 ನ್ಯಾನೋಮೀಟರ್‌ನಲ್ಲಿದ್ದ ಶಿಖರ (ಬಣ್ಣ ಅತಿ ಹೆಚ್ಚು ಬೆಳಕು ನುಂಗುವ ಜಾಗ) ಮೆಲ್ಲಗೆ 498ರ ಕಡೆ ಜರುಗುತ್ತದೆ, ಗುಲಾಬಿ ನೀರು ಹಸಿರು ಮಿಶ್ರಿತ ಹಳದಿಗೆ ತಿರುಗಿ ಹೊಳೆಯುತ್ತದೆ. 554ರಲ್ಲಿ ಮಾತ್ರ ಅಳೆಯುತ್ತಾ ಕೂತವರಿಗೆ ಶೇಕಡಾ 90 ಬಣ್ಣ ಹೋಯಿತು ಅನ್ನಿಸುತ್ತದೆ, ಬೀಕರ್‌ನಲ್ಲಿ ನೋಡಿದರೆ ಇನ್ನೊಂದು ಬಣ್ಣ ನಗುತ್ತಾ ಕೂತಿರುತ್ತದೆ. ಅದಕ್ಕೇ ಒಂದೇ ತರಂಗಾಂತರದ ಅಂಕಿ ಬರೆದುಕೊಂಡು ಸುಮ್ಮನಾಗಬೇಡಿ, ಪೂರ್ತಿ ಸ್ಪೆಕ್ಟ್ರಮ್ ತೆಗೆಯಿರಿ.

ನಾಲ್ಕನೆಯದು ನಮಗೆ ಬೇಕಾದದ್ದು: ಪೂರ್ತಿ ಒಡೆದು ಇಂಗಾಲದ ಡೈಆಕ್ಸೈಡ್, ನೀರು ಮತ್ತು ಉಪ್ಪುಗಳಾಗುವುದು. ಒಂದು ಮಿಥಿಲೀನ್ ಬ್ಲೂ ಅಣು ಪೂರ್ತಿ ಒಡೆಯಲು 25.5 ಆಮ್ಲಜನಕದ ಅಣುಗಳು ಬೇಕು, 16 ಇಂಗಾಲಗಳೂ ಇಂಗಾಲದ ಡೈಆಕ್ಸೈಡ್ ಆಗಬೇಕು. ಬಣ್ಣ ಹೋಗುವುದಕ್ಕೆ ಒಂದೆರಡು ಏಟು ಸಾಕು, ಪೂರ್ತಿ ಮುಗಿಸಲು ಹತ್ತಾರು ಬೇಕು. ಹಾಗಾಗಿ ಬಣ್ಣ ಹೋದ ಎಷ್ಟೋ ಹೊತ್ತಿನ ನಂತರವೂ ನೀರಿನಲ್ಲಿ ಇಂಗಾಲ ಉಳಿದಿರುತ್ತದೆ. ಟಿಓಸಿ, ಅಂದರೆ ಒಟ್ಟು ಸಾವಯವ ಇಂಗಾಲ, ಅಳೆಯದೆ ಇದನ್ನು ಹೇಳಲು ಆಗುವುದಿಲ್ಲ. ಯಾರಾದರೂ ಬಣ್ಣದ ಅಂಕಿ ಮಾತ್ರ ಕೊಟ್ಟು ನೀರು ಶುದ್ಧವಾಯಿತು ಅಂದರೆ ನಾನು ಸುಮ್ನೆ ಟಿಓಸಿ ಎಷ್ಟು ಅಂತ ಕೇಳುತ್ತೇನೆ. ಉಳಿದ ತುಂಡುಗಳು ಮೂಲ ಬಣ್ಣಕ್ಕಿಂತ ಕೆಟ್ಟವಾಗಿರಲೂಬಹುದು. ಅಜೋ ಬಣ್ಣಗಳು (ಎರಡು ನೈಟ್ರೋಜನ್ ಪರಮಾಣುಗಳ ಸೇತುವೆ ಇರುವ ಬಣ್ಣಗಳು) ಅರೆಬರೆ ಒಡೆದಾಗ ಹುಟ್ಟುವ ಕೆಲವು ಆರೊಮ್ಯಾಟಿಕ್ ಅಮೈನ್‌ಗಳು ಕ್ಯಾನ್ಸರ್ ತರುವಂಥವು.

ದೀಪ ಹಚ್ಚುವ ಮೊದಲು ಬಣ್ಣ ಅಂಟುವಷ್ಟು ಅಂಟಿಕೊಳ್ಳಲಿ ಅಂತ ಕತ್ತಲಲ್ಲಿ ಅರ್ಧ ಗಂಟೆ ಕಲಕಿದರೆ ಸಾಕು ಅನ್ನುತ್ತಾರಲ್ಲ?

ಆ ಅರ್ಧ ಗಂಟೆ ತೂತಿಲ್ಲದ ಪುಡಿಗಳ ಕಾಲದಿಂದ ಬಂದ ರೂಢಿ. ತೂತು ಕಿರಿದಾಗಿದ್ದರೆ ಬಣ್ಣ ಒಳಗೆ ತೂರಿಕೊಂಡು ಹೋಗಲು ಗಂಟೆಗಟ್ಟಲೆ ಬೇಕಾಗುತ್ತದೆ. ಅರ್ಧ ಗಂಟೆಗೆ ದೀಪ ಹಚ್ಚಿದರೆ, ಆಮೇಲೆ ಅಂಟಿಕೊಂಡ ಬಣ್ಣವೂ ಬೆಳಕಿನ ಖಾತೆಗೆ ಜಮೆ ಆಗುತ್ತದೆ. ಕತ್ತಲಲ್ಲೇ ಒಂದು ಬೀಕರ್ ಕೊನೆಯವರೆಗೂ ಇಡಿ, ಪುಡಿಯಿಲ್ಲದೆ ಬೆಳಕಲ್ಲಿ ಇನ್ನೊಂದು ಇಡಿ. ಎರಡನೆಯದು ಯಾಕೆಂದರೆ ಎಷ್ಟೋ ಬಣ್ಣಗಳು ಬೆಳಕಿಗೆ ತಾವೇ ಮಾಸುತ್ತವೆ, ಕಿಟಕಿ ಪರದೆ ಮಾಸುವುದಿಲ್ಲವೇ, ಹಾಗೆ.

ಎಲ್ಲರೂ ಮಿಥಿಲೀನ್ ಬ್ಲೂ ಯಾಕೆ ಬಳಸುತ್ತಾರೆ?

ಸುಲಭ, ಅಷ್ಟೇ. 664 ನ್ಯಾನೋಮೀಟರ್‌ನಲ್ಲಿ ಚೂಪಾದ ಶಿಖರ, ಚೂರು ಹಾಕಿದರೂ ಕಡು ನೀಲಿ, ಎಲ್ಲ ಪ್ರಯೋಗಾಲಯದಲ್ಲೂ ಇರುತ್ತದೆ. ಒಂದು ಐಎಸ್‌ಓ ಪರೀಕ್ಷಾ ವಿಧಾನವೂ ಇದನ್ನೇ ಬಳಸುತ್ತದೆ. ಕೈಗೆ ತಾಗಿದರೆ ಎರಡು ದಿನ ಹೋಗುವುದಿಲ್ಲ ಅನ್ನುವುದು ಬೇರೆ ಮಾತು.

ಆದರೆ ಬಣ್ಣವೇ ಬೆಳಕು ನುಂಗಿ ಎಲೆಕ್ಟ್ರಾನ್ ಅನ್ನು ಪುಡಿಗೆ ದಾಟಿಸಿ ತಾನೇ ಒಡೆಯುವ ದಾರಿಯೂ ಇದೆ. ಆಗ ಪುಡಿ ಬರೀ ದಲ್ಲಾಳಿ. ನಿಮ್ಮ ಪುಡಿ ಕಣ್ಣಿಗೆ ಕಾಣುವ ಬೆಳಕಿನಲ್ಲಿ ನಿಜವಾಗಿ ಕೆಲಸ ಮಾಡುತ್ತದೆ ಅಂತ ಹೇಳಬೇಕಾದರೆ ಫೀನಾಲ್ ಥರದ ಬಣ್ಣವಿಲ್ಲದ ವಸ್ತುವಿನ ಮೇಲೂ ಪರೀಕ್ಷೆ ಮಾಡಿ ತೋರಿಸಿ.

ಯಾವ ರಾಡಿಕಲ್ ಕೆಲಸ ಮಾಡುತ್ತಿದೆ ಅಂತ ಗೊತ್ತಾಗುವುದು ಹೇಗೆ?

ಒಂದೊಂದನ್ನೇ ತಡೆದು ನೋಡುವುದು. ಐಸೊಪ್ರೊಪನಾಲ್ ಹಾಕಿದರೆ ಹೈಡ್ರಾಕ್ಸಿಲ್ ಕಡಿಮೆಯಾಗುತ್ತದೆ, ಆಕ್ಸಲೇಟ್ ಹೋಲ್‌ಗಳನ್ನು ತಿನ್ನುತ್ತದೆ, ಬೆಂಜೊಕ್ವಿನೋನ್ ಸೂಪರಾಕ್ಸೈಡ್ ಅನ್ನು. ಯಾವುದನ್ನು ಹಾಕಿದಾಗ ವೇಗ ಬಿತ್ತೋ ಅದು ತಡೆದದ್ದೇ ಮುಖ್ಯ. ಬೆಂಜೊಕ್ವಿನೋನ್ ತಾನೇ ಬೆಳಕಿಗೆ ಬದಲಾಗುವ ವಸ್ತು, ಅದರ ಫಲಿತಾಂಶವನ್ನು ಕಣ್ಣುಮುಚ್ಚಿ ನಂಬಬೇಡಿ.

ಪಿಎಚ್ ಮತ್ತು ಉಪ್ಪಿನಿಂದ ಏನಾಗುತ್ತದೆ?

ತುಂಬಾ ಆಗುತ್ತದೆ. ಟೈಟಾನಿಯಂ ಡೈಆಕ್ಸೈಡ್ ಮೇಲ್ಮೈ ಸುಮಾರು ಪಿಎಚ್ 6ರ ಆಸುಪಾಸಿನಲ್ಲಿ ತಟಸ್ಥ. ಅದಕ್ಕಿಂತ ಕೆಳಗೆ ಧನ ಆವೇಶ, ಮೇಲೆ ಋಣ ಆವೇಶ. ಮಿಥಿಲೀನ್ ಬ್ಲೂ ಧನ ಅಯಾನು, ಹಾಗಾಗಿ ಪಿಎಚ್ ಏರಿಸಿದರೆ ಚೆನ್ನಾಗಿ ಅಂಟುತ್ತದೆ. ಮೀಥೈಲ್ ಆರೆಂಜ್ ಋಣ, ಅದಕ್ಕೆ ಇಳಿಸಬೇಕು. ಒಂದೇ ಪುಡಿ ಒಂದು ಬಣ್ಣಕ್ಕೆ ಹೀರೋ, ಇನ್ನೊಂದಕ್ಕೆ ದಂಡಪಿಂಡ ಅನ್ನಿಸಿಕೊಳ್ಳುವುದು ಇದೇ ಕಾರಣಕ್ಕೆ.

ಉಪ್ಪು ಇನ್ನೂ ಕಷ್ಟ. ಹತ್ತಿ ಬಟ್ಟೆಗೆ ರಿಯಾಕ್ಟಿವ್ ಬಣ್ಣ ಹಾಕುವಾಗ ಬಣ್ಣ ನೂಲಿಗೆ ಹತ್ತಲಿ ಅಂತ ಲೀಟರಿಗೆ ಹತ್ತಾರು ಗ್ರಾಂ ಉಪ್ಪು ಸುರಿಯುತ್ತಾರೆ, ಸೋಡಾ ಬೂದಿಯನ್ನೂ ಹಾಕುತ್ತಾರೆ. ಕ್ಲೋರೈಡ್, ಕಾರ್ಬೊನೇಟ್ ಎರಡೂ ರಾಡಿಕಲ್‌ಗಳನ್ನು ನಡುದಾರಿಯಲ್ಲೇ ಹಿಡಿದುಬಿಡುತ್ತವೆ. ಡಿಸ್ಟಿಲ್ಡ್ ನೀರಿನಲ್ಲಿ ಒಂದು ಗಂಟೆಯ ಕೆಲಸ ನಿಜವಾದ ಬಣ್ಣದ ನೀರಿನಲ್ಲಿ ದಿನವಿಡೀ ಮುಗಿಯದಿದ್ದರೆ ಪುಡಿಯನ್ನು ಬೈಯಬೇಡಿ.

ಪುಡಿ ಜಾಸ್ತಿ ಹಾಕಿದರೆ ಬೇಗ ಆಗುತ್ತದಾ?

ಒಂದು ಮಟ್ಟದವರೆಗೆ. ಆಮೇಲೆ ನೀರು ಹಾಲಿನ ಹಾಗಾಗಿ ಬೆಳಕು ಒಳಗೇ ಹೋಗುವುದಿಲ್ಲ. ಲೀಟರಿಗೆ ಅರ್ಧದಿಂದ ಒಂದು ಗ್ರಾಂ ಆಸುಪಾಸಿನಲ್ಲಿ ಶುರು ಮಾಡಿ.

ಪ್ರಯೋಗಾಲಯದಲ್ಲಿ ಇಷ್ಟು ಚೆನ್ನಾಗಿದ್ದರೆ ಕಾರ್ಖಾನೆಗಳಲ್ಲಿ ಯಾಕಿಲ್ಲ?

ಬೆಳಕು ಆಳಕ್ಕೆ ಇಳಿಯುವುದಿಲ್ಲ, ಮುಖ್ಯ ಕಾರಣ ಅದು. ಲೀಟರಿಗೆ 10 ಮಿಲಿಗ್ರಾಂ ಮಿಥಿಲೀನ್ ಬ್ಲೂ ಇದ್ದರೆ 664ರ ಕೆಂಪು ಬೆಳಕಿನಲ್ಲಿ ನೂರಕ್ಕೆ 99 ಪಾಲು ಒಂದೇ ಸೆಂಟಿಮೀಟರ್‌ನಲ್ಲಿ ಮುಗಿಯುತ್ತದೆ. ನಿಜವಾದ ಬಣ್ಣದ ನೀರಿನಲ್ಲಿ ಹತ್ತಾರು ಬಣ್ಣ, ಪಿಷ್ಟ, ಸೋಪು, ಗಸಿ ಎಲ್ಲ ಇರುತ್ತವೆ, ಅಲ್ಲಿ ಯುವಿಯೂ ಮೇಲಿನ ಪದರದಲ್ಲೇ ನಿಲ್ಲುತ್ತದೆ. ಎರಡು ಮೀಟರ್ ಆಳದ ತೊಟ್ಟಿಯ ತಳದಲ್ಲಿರುವ ಪುಡಿಗೆ ಅಮಾವಾಸ್ಯೆ. ಹಾಗಾಗಿ ತೆಳುವಾಗಿ ಹರಿಸಬೇಕು. ಸ್ಪೇನಿನ ಅಲ್ಮೇರಿಯಾದಲ್ಲಿರುವ ಸೌರ ಸಂಶೋಧನಾ ಕೇಂದ್ರದಲ್ಲಿ ಗಾಜಿನ ಕೊಳವೆಗಳ ಹಿಂದೆ ಬಾಗಿದ ಕನ್ನಡಿ ಇಟ್ಟು ನೀರು ಹರಿಸುವ ರಿಯಾಕ್ಟರ್‌ಗಳನ್ನು ವರ್ಷಗಳಿಂದ ಪರೀಕ್ಷಿಸುತ್ತಿದ್ದಾರೆ.

ನನ್ನ ಅಭಿಪ್ರಾಯ ಕೇಳಿದರೆ, ಕಡು ಬಣ್ಣದ ನೀರನ್ನು ನೇರವಾಗಿ ಇದಕ್ಕೆ ಒಡ್ಡುವುದು ದುಡ್ಡು ದಂಡ. ಮೊದಲು ಗಸಿ ಇಳಿಸಿ, ಬ್ಯಾಕ್ಟೀರಿಯಾಗಳಿಗೆ ತಿನ್ನಲು ಬಿಟ್ಟು, ಕೊನೆಗೆ ಉಳಿಯುವ ಹಟಮಾರಿ ಚೂರುಪಾರಿಗೆ ಇದನ್ನು ಬಳಸಿದರೆ ಅರ್ಥವಿದೆ.

ಪುಡಿಯನ್ನು ವಾಪಸ್ ತೆಗೆಯುವುದು ಹೇಗೆ?

ಬೀಕರ್ ಮಟ್ಟದಲ್ಲಿ ಸೆಂಟ್ರಿಫ್ಯೂಜ್. ಫಿಲ್ಟರ್ ಮಾಡುವುದಾದರೆ ಎಚ್ಚರ: ಸೆಲ್ಯುಲೋಸ್ ಫಿಲ್ಟರ್‌ಗಳು ಮಿಥಿಲೀನ್ ಬ್ಲೂವನ್ನು ತಾವೇ ಹಿಡಿದುಕೊಳ್ಳುತ್ತವೆ, ಫಿಲ್ಟರ್ ಮಾಡಿದ ಸಾಹಸ ಪುಡಿಯ ಲೆಕ್ಕಕ್ಕೆ ಹೋಗುತ್ತದೆ. ದೊಡ್ಡ ಮಟ್ಟದಲ್ಲಿ ಕಬ್ಬಿಣದ ಆಕ್ಸೈಡ್ ಸೇರಿಸಿ ಅಯಸ್ಕಾಂತದಿಂದ ಎಳೆಯುವುದು, ಗಾಜಿಗೆ ಅಥವಾ ಪೊರೆಗೆ ಅಂಟಿಸುವುದು, ಮಣಿಗಳೊಳಗೆ ಕೂರಿಸುವುದು ಇವೆಲ್ಲ ಇವೆ. ಅಂಟಿಸಿದರೆ ನೀರಿಗೆ ಸಿಗುವ ಮೇಲ್ಮೈ ಕಡಿಮೆಯಾಗಿ ವೇಗ ಬೀಳುತ್ತದೆ, ಅದನ್ನು ಒಪ್ಪಿಕೊಳ್ಳಬೇಕು.

ಮಾಫ್ ನೀರಿನಲ್ಲಿ ಕರಗುವುದಿಲ್ಲವಾ?

ಕೆಲವು ಖಂಡಿತ ಹಾಳಾಗುತ್ತವೆ. 1999ರಲ್ಲಿ ಹೆಸರು ಮಾಡಿದ ಮಾಫ್-5 ಗಾಳಿಯ ತೇವಕ್ಕೇ ಕುಸಿಯುತ್ತದೆ. ಝಿರ್ಕೋನಿಯಂನ ಉಯೋ-66 ನೀರಿನಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಬಳಸುವ ಮೊದಲು ಮತ್ತು ನಂತರ ಎಕ್ಸ್‌ರೇ ಡಿಫ್ರಾಕ್ಷನ್ (ಹರಳಿನ ಒಳಕಟ್ಟು ತೋರಿಸುವ ಪರೀಕ್ಷೆ) ತೆಗೆಯಿರಿ, ಜೊತೆಗೆ ನೀರಿನಲ್ಲಿ ಲೋಹ ಎಷ್ಟು ಬಿಟ್ಟಿದೆ ಅಂತಲೂ ಅಳೆಯಿರಿ. ಬಣ್ಣ ತೆಗೆದು ಲೋಹ ಸೇರಿಸಿದರೆ ಏನು ಸಾಧಿಸಿದ ಹಾಗಾಯಿತು?

ಹೈಡ್ರೋಜನ್ ಪೆರಾಕ್ಸೈಡ್ ಸೇರಿಸಬಹುದಾ?

ಸೇರಿಸಬಹುದು, ಕಬ್ಬಿಣದ ಮಾಫ್‌ಗಳಲ್ಲಿ ವೇಗ ಹಲವು ಪಟ್ಟು ಏರುತ್ತದೆ, ಅದು ಫೆಂಟನ್ ಅನ್ನುವ ರಸಾಯನಶಾಸ್ತ್ರಜ್ಞ 1894ರಲ್ಲೇ ಬರೆದ ಕಬ್ಬಿಣ-ಪೆರಾಕ್ಸೈಡ್ ಕ್ರಿಯೆಯ ಬೆಳಕಿನ ರೂಪ. ಪೆರಾಕ್ಸೈಡ್ ಉಳಿದಿರುವ ನೀರಿನಲ್ಲಿ ಸಿಓಡಿ (ನೀರಿನಲ್ಲಿರುವ ಕೊಳೆಯನ್ನು ರಾಸಾಯನಿಕವಾಗಿ ಒಡೆಯಲು ಬೇಕಾಗುವ ಆಮ್ಲಜನಕದ ಲೆಕ್ಕ) ಅಳೆದರೆ ಅಂಕಿ ಸುಳ್ಳೇ ಹೆಚ್ಚು ಬರುತ್ತದೆ, ಮೊದಲು ಅದನ್ನು ತೆಗೆಯಿರಿ.

ಕುಡಿಯುವ ನೀರಿಗೆ ಮನೆಯಲ್ಲಿ ಬಳಸಬಹುದಾ?

ಬೇಡ. ನ್ಯಾನೋ ಪುಡಿ ನೀರಿನಲ್ಲಿ ಉಳಿಯುತ್ತದೆ, ಅರೆಬರೆ ಒಡೆದ ತುಂಡುಗಳೂ ಉಳಿಯುತ್ತವೆ, ಎರಡೂ ಕಣ್ಣಿಗೆ ಕಾಣುವುದಿಲ್ಲ.

ಬಳಸಿದ ಪುಡಿ ನೀಲಿಯಾಗಿಯೇ ಉಳಿದಿದೆ. ಬಿಸಾಡಬೇಕಾ?

ಬಿಸಾಡುವ ಮೊದಲು ಒಂದು ಕೆಲಸ ಮಾಡಿ. ಶುದ್ಧ ನೀರಿಗೆ ಆ ನೀಲಿ ಪುಡಿ ಹಾಕಿ, ಬಣ್ಣ ಸೇರಿಸಬೇಡಿ, ಗಾಳಿ ಹಾಯಿಸುತ್ತಾ ಬೆಳಕಿಗಿಡಿ. ಅದೇ ಪುಡಿಯ ಇನ್ನೊಂದು ಪಾಲು ಕತ್ತಲಲ್ಲಿರಲಿ. ಒಂದೆರಡು ಗಂಟೆ ಬಿಟ್ಟು ಎರಡನ್ನೂ ಸೋಸಿ ಬಿಳಿ ಕಾಗದದ ಮೇಲೆ ಪಕ್ಕಪಕ್ಕ ಇಟ್ಟು ನೋಡಿ. ಬೆಳಕಿನದು ತನ್ನ ಮೊದಲಿನ ಬಣ್ಣಕ್ಕೆ ತಿರುಗಿ, ಕತ್ತಲಿನದು ನೀಲಿಯಾಗಿಯೇ ಇದ್ದರೆ ಪುಡಿ ಒಳಗೆ ಕೂತಿದ್ದ ಬಣ್ಣವನ್ನೂ ತಿನ್ನುತ್ತಿದೆ, ಇನ್ನೊಂದು ಸುತ್ತಿಗೆ ಬಳಸಿ. ಎರಡೂ ಒಂದೇ ನೀಲಿಯಾಗಿದ್ದರೆ ನಿಮ್ಮ ಹತ್ತಿರ ಇರುವುದು ಒಳ್ಳೇ ಸ್ಪಂಜು.